ಗಗನ ಬರೆದ ಅಂಕಿ

ಮೈಸೂರು, ಗುರುವಾರ

ಕೆಮಿಸ್ಟ್ರಿ ವಿಭಾಗದ ಅನಂತಪದ್ಮನಾಭ ಸರ್ ಅವರಿಗೆ ಲ್ಯಾಬ್ ಅಟೆಂಡರ್ ದೇವರಾಜುವಿನ ನಮಸ್ಕಾರಗಳು.

ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರ ಸ್ಪಿರಿಟ್ ದೀಪದಲ್ಲಿ ನೀರು ಕಾಯಿಸಿ ಸ್ಪಿರಿಟ್ ಉರಿದು ಬಿಡುವ ಶಾಖವನ್ನು, ಅದೇ ದಹನದ ಎಂಥಾಲ್ಪಿಯನ್ನು, ಲೆಕ್ಕ ಹಾಕುವ ಪ್ರಯೋಗವಿತ್ತು. ಗಗನಳಿಗೆ ಪುಸ್ತಕದ ಅಂಕಿಯ ಅರ್ಧದಷ್ಟೇ ಬಂತು. "ಬುಕ್ಕಲ್ಲಿರೋದನ್ನೇ ಬರೆದ್ಬುಡು ಕಣೇ" ಎಂದರು ಗೆಳತಿಯರು. "ಥರ್ಮಾಮೀಟರ್ ತೋರಿಸಿದ್ದು ಇಷ್ಟೇ" ಎಂದು ಅವಳು ತನಗೆ ಬಂದದ್ದನ್ನೇ ಬರೆದಳು. ನೀವು ಸೊನ್ನೆ ಕೊಟ್ಟಿರಿ.

ಸರ್, ತಪ್ಪು ಅವಳದಲ್ಲ. ಕಿಟಕಿಯ ಗಾಜು ಒಡೆದು ಎರಡು ವರ್ಷವಾಯಿತು, ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಗಾಳಿಗೆ ಉರಿ ವಾಲಿ ಅರ್ಧ ಶಾಖ ನೀರಿಗೆ ಸೇರುವುದೇ ಇಲ್ಲ. ಹಾಗಿದ್ದೂ ಪುಸ್ತಕದ ಅಂಕಿಯೇ ಹೇಗೆ ಬಂತು ಎಂದು ನೀವು ಉಳಿದ ಮೂವತ್ತು ಜನರನ್ನು ಕೇಳಬೇಕಿತ್ತು.

ನಿನ್ನೆ ಪ್ರಯೋಗವನ್ನು ಮತ್ತೆ ಮಾಡಲು ಬಂದ ಗಗನ ದೀಪವನ್ನೇ ಹಚ್ಚಲಿಲ್ಲ. ಪುಸ್ತಕ ನೋಡಿ ಬರೆದಿಟ್ಟು, "ಬರ್ತೀನಿ ದೇವರಾಜಣ್ಣ" ಎಂದು ಹೊರಟುಹೋದಳು. ಅದಕ್ಕೆ ನೀವು ಪೂರ್ತಿ ಅಂಕ ಕೊಟ್ಟಿದ್ದೀರಿ.

ಅವಳು ಕಸದ ಬುಟ್ಟಿಗೆ ಹಾಕಿದ್ದ ಮೊದಲ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಇನ್ನೊಮ್ಮೆ ನೋಡಿ.

ಇಂತಿ ತಮ್ಮ ವಿಧೇಯ,
ದೇವರಾಜು