ತಿರುಗಿಸಲು ಮರೆತ ಅಂಕಗಳು

ಗುರುವಾರ, ಆಗಸ್ಟ್ ೨೧.

ಅವಳ ನಗು ಇನ್ನೂ ಕಣ್ಣ ಮುಂದಿದೆ. ಹೊಟ್ಟೆ ಉರಿಯುತ್ತಿದೆ.

ಎರಡು ವರ್ಷದ ಹಿಂದೆ ನಮ್ಮ ಮನಃಶಾಸ್ತ್ರ ವಿಭಾಗಕ್ಕೆ ಬಂದ ಕಿರಿಯ ಮೇಡಂ. ಅವಳ ಪಾಠಕ್ಕೆ ವಿದ್ಯಾರ್ಥಿಗಳು ಕಿಟಕಿಕಟ್ಟೆಯ ಮೇಲೂ ಕೂರುತ್ತಾರೆ. ನನ್ನ ಪಾಠದಲ್ಲಿ ಹಿಂದಿನ ಬೆಂಚುಗಳಷ್ಟೇ ತುಂಬುತ್ತವೆ.

ಇವತ್ತು ವ್ಯಕ್ತಿತ್ವದ ಗುಣಗಳ ಸಿದ್ಧಾಂತ ಹೇಳುತ್ತಿದ್ದೆ. ಮಾದರಿಗಿರಲಿ ಎಂದು ಅವಳೇ ಪ್ರಶ್ನಾವಳಿ ತುಂಬಿ ಕೊಟ್ಟಿದ್ದಳು. ಎಲ್ಲರೆದುರೇ ಬೋರ್ಡಿನ ಮೇಲೆ ಅಂಕ ಕೂಡಿದೆ. ಆತಂಕ: ವಿಪರೀತ. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷ.

"ಇರಬಹುದು ಅಕ್ಕಾ," ಎಂದು ಹಿಂದೆ ಕೂತಿದ್ದ ಅವಳು ನಕ್ಕಳು. "ನೀವು ಕೂಡಿದ ಮೇಲೆ ತಪ್ಪಿರಲ್ಲ ಬಿಡಿ."

ಮನೆಗೆ ಬಂದು ಹಾಳೆಯನ್ನು ಮತ್ತೆ ತೆಗೆದೆ. 'ನಾನು ಸಾಮಾನ್ಯವಾಗಿ ನೆಮ್ಮದಿಯಾಗಿರುತ್ತೇನೆ' ಎಂಬಂಥ, ಆತಂಕಕ್ಕೆ ವಿರುದ್ಧವಾದ ಆರು ಹೇಳಿಕೆಗಳ ಅಂಕವನ್ನು ತಿರುಗಿಸಬೇಕು. ಐದಿದ್ದರೆ ಒಂದೆಂದು ಹಿಡಿಯಬೇಕು. ನಾನು ಒಂದನ್ನೂ ತಿರುಗಿಸಿರಲಿಲ್ಲ. ಸರಿಪಡಿಸಿ ಕೂಡಿದರೆ ಅವಳ ಆತಂಕ ನನ್ನದರ ಅರ್ಧವೂ ಇಲ್ಲ.

ಹನ್ನೊಂದು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನೆ, ನಿದ್ದೆಗಣ್ಣಲ್ಲೂ ತಪ್ಪುವವಳಲ್ಲ. ಮರೆವು ಸುಮ್ಮನೆ ಬರುವುದಿಲ್ಲ, ಒಳಗೆ ಬಚ್ಚಿಟ್ಟ ಆಸೆಯೇ ಅದನ್ನು ಕರೆತರುತ್ತದೆ ಎಂದ ಫ್ರಾಯ್ಡ್‌ನನ್ನು ಹೋದ ವಾರವಷ್ಟೇ "ಹಳೇ ಕಾಲದವನು" ಎಂದು ತಳ್ಳಿಹಾಕಿದ್ದೆ. ಚೆನ್ನಾಗಿಯೇ ಸೇಡು ತೀರಿಸಿಕೊಂಡ.

ನಾಳೆ ಮೊದಲ ಪಾಠದಲ್ಲೇ ಸರಿಯಾದ ಅಂಕ ಬರೆದು ತಪ್ಪು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವುದು ಕಷ್ಟವಲ್ಲ. ಅವಳು "ಪರವಾಗಿಲ್ಲ ಅಕ್ಕಾ" ಅನ್ನುತ್ತಾಳೆ. ಅದೂ ಮನಸಾರೆ. ನನ್ನಿಂದ ತಡೆದುಕೊಳ್ಳಲಾಗದ್ದು ಅದೇ...