ನೊಗದ ಮೇಲಿನ ಆಣೆ

ಬಳ್ಳಾರಿ,
ಭಾವ ಸಂವತ್ಸರ, ಮಾರ್ಗಶಿರ ಬಹುಳ ಬಿದಿಗೆ, ೧೮೭೪

ಪ್ರೀತಿಯ ಮಗಳು ಶಿವಬಸಮ್ಮನಿಗೆ ಅಪ್ಪನ ಆಶೀರ್ವಾದ.

ಮೈಯಲ್ಲಿ ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ಉಪ್ಪು ಕಡಿಮೆ ತಿನ್ನಬೇಕೆಂದು ನಿನ್ನ ಅವ್ವ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ನಾವಿಬ್ಬರೂ ಎತ್ತುಗಳೂ ಕ್ಷೇಮ. ಸಿಟ್ಟು ಬಿಟ್ಟರೆ ನನಗೆ ಬೇರೆ ರೋಗವಿಲ್ಲ.

ಅಳಿಯಂದಿರು ಗುತ್ತಿಯಿಂದ ಬರೆದ ಕಾಗದ ಕೈಸೇರಿತು. ಚೊಚ್ಚಲ ಬಾಣಂತನಕ್ಕೆ ತವರಿನವರೇ ಬಂದು ಕರೆದೊಯ್ಯಬೇಕು, ಆದರೆ ಬಂಡಿಯ ಕುಲುಕಾಟ ಎಂಟು ತಿಂಗಳ ಬಸುರಿಗೆ ಆಗದು, ಹೊಗೆಬಂಡಿಯಲ್ಲೇ ಬನ್ನಿ ಎಂದಿದ್ದಾರೆ. ಅವರ ಮಾತಿನಲ್ಲಿ ತಪ್ಪೇನಿಲ್ಲ. ಇನ್ನೂ ತಡಮಾಡಿದರೆ ನೀನು ಅಲ್ಲೇ ಹೆರಬೇಕು. ಅತ್ತೆಯಿಲ್ಲದ ಮನೆಯಲ್ಲಿ ನಿನಗೆ ಎಣ್ಣೆನೀರು ಹಾಕುವವರು ಯಾರು? ಇಷ್ಟೆಲ್ಲ ಗೊತ್ತಿದ್ದೂ ನಾನು ಬಳ್ಳಾರಿಯಲ್ಲೇ ಕೂತಿರುವುದೇಕೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೊಗೆಬಂಡಿ ಬಂದು ನಮ್ಮ ಗುತ್ತಿ ದಾರಿಯ ಬಾಡಿಗೆ ನಿಂತ ವರ್ಷ, ನಾವು ಬಂಡಿಯವರೆಲ್ಲ ಕುರುಗೋಡಿನ ಬಸವಣ್ಣನ ಮುಂದೆ ನೊಗದ ಮೇಲೆ ಕೈಯಿಟ್ಟು, ಅದನ್ನು ಯಾರೂ ಹತ್ತಬಾರದೆಂದು ಆಣೆ ಮಾಡಿದೆವಲ್ಲ. ಹತ್ತಿದವನ ಬಂಡಿಯನ್ನು ಸಾಲಿಗೆ ಸೇರಿಸುವುದಿಲ್ಲ. ಸಿರುಗುಪ್ಪದಿಂದ ಭತ್ತ ಹೇರಿಕೊಂಡು ಬರುವಾಗ ಎರೆ ಮಣ್ಣಿನಲ್ಲಿ ಗಾಲಿ ಹೂತರೆ ಹೆಗಲು ಕೊಡುವವರು ಆ ಸಾಲಿನವರೇ. ಮೊದಲು ಕೈಯಿಟ್ಟವನು ಎರ್ರಣ್ಣ. ಅವನು ಇಟ್ಟನೆಂದು ಉಸ್ಮಾನಸಾಬ್ ಇಟ್ಟ, ಅವರಿಬ್ಬರೂ ಇಟ್ಟರೆಂದು ನಾನು. ಹೊಗೆಬಂಡಿಗೆ ಅದರಿಂದ ಏನಾಯಿತು? ಈಗಲೂ ದಿನಾ ಕೂಗಿಕೊಂಡು ಹೋಗುತ್ತದೆ. ನನ್ನ ಮಗಳು ಅದೇ ದಾರಿಯ ಊರಿಗೆ ಸೊಸೆಯಾಗಿ ಹೋಗುವಳೆಂದು ಆಗ ನನಗೆ ಯಾರು ಹೇಳಿದ್ದರು!

ಏಕಾದಶಿಯ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು, ಮುಖ ಮುಚ್ಚುವಂತೆ ಕಂಬಳಿ ಹೊದ್ದು ಸ್ಟೇಷನ್ನಿಗೆ ಹೋದೆ. ಚೀಟಿ ಕೊಡುವ ಕಿಂಡಿಯ ಮುಂದೆ ಇನ್ನೊಂದು ಕಂಬಳಿ ನಿಂತಿತ್ತು. ತಿರುಗಿದರೆ ಎರ್ರಣ್ಣ! ಅವನ ಅಕ್ಕನನ್ನೂ ಗುತ್ತಿಗೇ ಕೊಟ್ಟಿದೆ, ಹಾಸಿಗೆ ಹಿಡಿದಿದ್ದಾಳೆಂದು ಕೇಳಿದ್ದೆ. ನನ್ನನ್ನು ಕಂಡವನೇ "ಏನ್ಲೇ ಮರಿಬಸ, ಇಲ್ಲಿ?" ಎಂದ. ನಿಜ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಾಯಿಗೆ ಬಂದದ್ದು, "ಬಾಡಿಗಿ ಸಿಗತೈತೇನಂತ ನೋಡಾಕ ಬಂದೀನಪ್ಪ." ಅವನು, "ನಾನೂ ಅದಕ್ಕ ಬಂದೀನಿ." ಇಬ್ಬರ ಕಂಕುಳಲ್ಲೂ ರೊಟ್ಟಿಯ ಗಂಟು! ಇಲ್ಲದ ಬಾಡಿಗೆಯನ್ನು ಬೈದುಕೊಳ್ಳುತ್ತ ಒಟ್ಟಿಗೇ ಮನೆಗೆ ನಡೆದೆವು. ಬೆನ್ನ ಹಿಂದೆ ಹೊಗೆಬಂಡಿ ಕೂಗಿದಾಗ ಇಬ್ಬರೂ ತಿರುಗಿ ನೋಡಲಿಲ್ಲ. ಅವನು ಹತ್ತಿದ್ದರೆ ನಾನು ಹತ್ತುತ್ತಿದ್ದೆ, ನಾನು ಹತ್ತಿದ್ದರೆ ಅವನು. ನರೆತ ಮೀಸೆಯವರ ಬುದ್ಧಿ ನೋಡು! ಅಂದಿನಿಂದ ಅನ್ನ ರುಚಿಸುತ್ತಿಲ್ಲ. ಈ ಕಾಗದ ಹೊಗೆಬಂಡಿ ಹತ್ತಿ ನಿನ್ನ ಮನೆಗೆ ಬರುತ್ತದೆ, ಬರೆದವನು ಬರಲಾರ.

ಬೇಸರ ಮಾಡಿಕೊಳ್ಳಬೇಡ ಎಂದು ಯಾವ ಬಾಯಿಂದ ಹೇಳಲಿ? ಅಳಿಯಂದಿರಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿನ್ನನ್ನೂ ಕೂಸನ್ನೂ ಕಾಯಲಿ.

ನಿನ್ನ ಅಪ್ಪ,
ಮರಿಬಸಪ್ಪ

ತಾ.ಕ.: ಅಂಚೆಗೆ ಹಾಕುವ ಮುಂಚೆ ಓದಿಹೇಳಬೇಕೆಂದು ನಿನ್ನ ಅವ್ವ ಹಟ ಹಿಡಿದಳು. ಕೇಳಿ ಮುಗಿಸಿ ಎದ್ದು ಸೀರೆಗಳ ಗಂಟು ಕಟ್ಟತೊಡಗಿದಳು. "ಆಣಿ ಮಾಡಿದಾವ್ರು ನೀವು, ನಾನಲ್ಲ. ನನ್ನ ಮಗಳನ್ನ ನಾ ಕರ್ಕೊಂಡು ಬರ್ತೀನಿ. ಟೇಸನ್ನಿಗೆ ಬಂಡಿ ಹೂಡ್ರಿ ಸಾಕು" ಎಂದಳು. ಮೈಮೇಲೆ ನೀರು ಸುರಿದಂತಾಯಿತು. ನೆಟ್ಟಗೆ ಎರ್ರಣ್ಣನ ಮನೆಗೆ ಹೋಗಿ, ನಾಡಿದ್ದು ನಾವು ಗಂಡಹೆಂಡಿರಿಬ್ಬರೂ ಹೊಗೆಬಂಡಿ ಹತ್ತುತ್ತೇವೆ, ಸ್ಟೇಷನ್ನಿನಿಂದ ನನ್ನ ಬಂಡಿಯನ್ನು ನೀನೇ ಹೊಡೆದುಕೊಂಡು ಬಾ ಎಂದೆ. ನಿನ್ನ ಬಂಡಿ ಇನ್ನು ಸಾಲಿನಲ್ಲಿ ಇರುವುದಿಲ್ಲ ಎನ್ನುವನೆಂದು ಕಾದೆ. ಗಾಲಿ ಹೂತರೆ ಹೂತುಹೋಗಲಿ ಎಂದು ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ. ಅವನು ಒಳಗಿನಿಂದ ಬೆಲ್ಲದ ಗಂಟೊಂದನ್ನು ತಂದು ನನ್ನ ಕೈಗಿಟ್ಟ. "ನಮ್ಮ ಅಕ್ಕಗ ಕೊಡು. ಯಾರ ಮುಂದೂ ಹೇಳಬ್ಯಾಡಪ್ಪ" ಎಂದ. ಅಳಿಯಂದಿರನ್ನು ಚೌತಿಯ ದಿನ ಸ್ಟೇಷನ್ನಿಗೆ ಕಳಿಸು. ಚಳಿ ಬಹಳವಿದೆ, ಆದರೂ ಕಂಬಳಿ ಹೊದ್ದು ಬರುವುದಿಲ್ಲ. ಗುರುತು ಸಿಗುತ್ತದೆ.