ಇಸ್ಮೇನಿಯಾಳ ಹಾಡಿನಿಂದ ಮಾತು ತೆಗೆದದ್ದು

ಹುಬ್ಬಳ್ಳಿ, ಜೂನ್ ೩೧, ೨೧೯೪

ಮೊಬೈಲಿನಲ್ಲಿ ಹಾಡು ಕೇಳುವ ಕಾಲದವರಿಗೆ,

ತಾರೀಕು ತಪ್ಪಲ್ಲ, ನಮ್ಮ ಜೂನ್‌ಗೆ ಒಂದು ದಿನ ಹೆಚ್ಚು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಇದನ್ನು ಬರೆಯಲು ಕಲಿತದ್ದು ತಡವಾಗಿ.

ನಮ್ಮಲ್ಲಿ ಗಾಯಕರು ಸತ್ತ ಮೇಲೂ ಅವರ ದನಿಗೆ ಕೆಲಸ ತಪ್ಪುವುದಿಲ್ಲ. ಊರಿನ ದನಿಮನೆಯಲ್ಲಿ ಅದನ್ನು ಇಟ್ಟುಕೊಂಡು, ನಲ್ಲಿಗೆ ನೀರು ಬಿಟ್ಟಾಗ, ಶಾಲೆ ಬಿಟ್ಟಾಗ, ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಕೂಡಲೇ ಹಾಡಿಸುತ್ತಾರೆ. ಮದುವೆಗೆ ಹಾಡುವವಳು ಇಸ್ಮೇನಿಯಾ ರೊಬ್ಲೆದೊ. ಚಿಲಿ ದೇಶದವಳು. ಆರನೇ ವಯಸ್ಸಿನಿಂದ ಅಪ್ಪ ಹೋಟೆಲುಗಳಲ್ಲಿ ಹಾಡಿಸಿದ ಹುಡುಗಿ. ಹತ್ತೊಂಬತ್ತಕ್ಕೆ ತಾನೇ ಬರೆದ ಸ್ಪ್ಯಾನಿಷ್ ಹಾಡೊಂದು ಜಗತ್ತನ್ನೇ ಕುಣಿಸಿತು. ಆಮೇಲೆ ನಾಲ್ಕು ಆಲ್ಬಂ ಮಾಡಿದಳು, ಯಾರೂ ಕೇಳಲಿಲ್ಲ. ಹನ್ನೊಂದು ವರ್ಷ ದೇಶದೇಶ ಸುತ್ತಿ ಅದೊಂದನ್ನೇ ಹಾಡಿದಳು. ಮೂವತ್ತಕ್ಕೆ ನಿಲ್ಲಿಸಿ, ಕಡಲ ಪಕ್ಕದ ಊರಲ್ಲಿ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಹಲ್ಲುನೋವಿನವರೂ ಅದನ್ನೇ ಹಾಡಿಸಿದರು.

ಐವತ್ತು ವರ್ಷಕ್ಕೊಮ್ಮೆ ಪ್ರತಿ ದನಿಗೂ ವಿಚಾರಣೆ ಇರುತ್ತದೆ. ಅರ್ಥಸಾಕ್ಷಿ, ಅಂದರೆ ಹಾಡಿನ ಭಾಷೆ ಬಲ್ಲವರು, ಸಭೆಗೆ ಅರ್ಥ ಹೇಳಬೇಕು. ಹಾಡಿನಲ್ಲೇ ‘ಸಾಕು’ ಎಂದಿದ್ದರೆ ದನಿಯನ್ನು ಶಾಶ್ವತವಾಗಿ ನಿಲ್ಲಿಸಬಹುದು. ಹಿಂದಿನ ಸಾಕ್ಷಿಗಳು ‘ಸಂತೋಷದ ಪ್ರೇಮಗೀತೆ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಈ ಸಲದವಳು ನಾನು. ಮದುವೆಗೆ ಹಾಡಿಸುವ ಅದೇ ಹಾಡಿನ ಅರ್ಥವನ್ನು ಸಾಲುಸಾಲಾಗಿ ಓದಿದೆ: ಚಪ್ಪಾಳೆ ನಿಲ್ಲಿಸಿ, ಬಾಗಿಲು ಮುಚ್ಚಿ, ನನ್ನ ಗಂಟಲು ನನಗೆ ಕೊಡಿ, ಇನ್ನು ಕರೆಯಬೇಡಿ.

ಸಭೆ ನಕ್ಕಿತು. ದನಿಮನೆಯ ಹಿರಿಯರಾದ ಚನ್ನವೀರಪ್ಪ ಬೆಳಗಲಿ, “ಅರ್ಥ ತಗೊಂಡು ಏನ್ ಮಾಡೂದೈತಿ ಅಕ್ಕಾರ? ಕುಣ್ಯಾಕ ಬರತೈತಿಲ್ಲೋ?” ಎಂದರು. ಹಿಂದಿನಿಂದ ಒಬ್ಬ ಹೆಂಗಸು ಗಾಬರಿಯಾಗಿ, “ಮದ್ಲಗಿತ್ತಿ ಗಂಡನ ಮನಿಗೆ ಹೊಂಡೂ ಹೊತ್ತಿಗೆ ಬಾಗ್ಲಾ ಮುಚ್ರಿ ಅಂತಾಳಂದ್ರ ಅಪಶಕುನ ಆತಲ್ರೀ!” ಎಂದಳು. ಈಗ ಯಾರೂ ನಗಲಿಲ್ಲ. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ದನಿಯನ್ನು ಉಳಿಸಿಕೊಂಡರು, ಮಾತನ್ನು ತೆಗೆದರು.

ಈಗ ಆಕೆ ಬರೀ ‘ಲಾ ಲಾ’ ಎನ್ನುತ್ತಾಳೆ. ನಾನು ಸುಮ್ಮನಿದ್ದಿದ್ದರೆ, ಯಾರಿಗೂ ತಿಳಿಯದಿದ್ದರೂ, ಸಾಕು ಎಂದು ಹೇಳುತ್ತಲಾದರೂ ಇರುತ್ತಿದ್ದಳು. ಆಕೆಗಾಗಿ ಓದಿದೆನೋ, ಆ ಭಾಷೆ ಊರಲ್ಲಿ ನನಗೊಬ್ಬಳಿಗೇ ಬರುತ್ತದೆಂದು ತೋರಿಸಲಿಕ್ಕೋ? ಕೇಳಿಕೊಂಡಾಗಲೆಲ್ಲ ಉತ್ತರ ಬದಲಾಗುತ್ತದೆ. ಕಳೆದ ವಾರ ತಂಗಿಯ ಮಗಳ ಮದುವೆಯಲ್ಲಿ ನಾನೂ ಕುಣಿದೆ. ಮಾತಿಲ್ಲದ ಮೇಲೆ ಕುಣಿಯುವುದು ಸುಲಭ.

ನಿಮ್ಮಲ್ಲೊಂದು ಕೇಳಿಕೆ. ಆಕೆಯ ಕಡೆಯ ಕಾರ್ಯಕ್ರಮ ನಿಮ್ಮ ಹುಬ್ಬಳ್ಳಿಯಲ್ಲೇ. ಅಲ್ಲೊಂದು ಹೊಸ ಹಾಡು ಎತ್ತಿಕೊಳ್ಳುತ್ತಾಳೆ. ದಯವಿಟ್ಟು ಅದು ಮುಗಿಯುವವರೆಗೆ ಸುಮ್ಮನಿರಿ. ಇರುವುದಿಲ್ಲ, ಗೊತ್ತು. ಆ ಸಂಜೆಯ ಧ್ವನಿಮುದ್ರಣ ನಮ್ಮಲ್ಲಿದೆ. ಎರಡನೇ ಸಾಲಿಗೇ ನೀವು ಹಳೆಯದು ಬೇಕೆಂದು ಕೂಗುತ್ತೀರಿ. ಆಕೆ ನಿಲ್ಲಿಸಿ, ನಕ್ಕು, ಸರಿ ಎನ್ನುತ್ತಾಳೆ. ಮೂರನೇ ಸಾಲು ಏನಿತ್ತೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಸುನೀತಿ ಕಡಕೋಳ
ಅರ್ಥಸಾಕ್ಷಿ